ಭಯಕ್ಕೂ ಒಂದು ತೆರೆ ಬೇಕು

ಕಳೆದ ವರ್ಷ ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯನ್ನು ನೋಡಿ ಬಂದರು. ಮರುದಿನ ಪಾಠ ಮುಗಿಸಿ ನಾನು ಹೊರಡುವಷ್ಟರಲ್ಲಿ ಒಬ್ಬ ಹುಡುಗಿ ತನ್ನ ಮೊಬೈಲನ್ನು ಮುಂದೆ ಹಿಡಿದು, “ಸರ್, ಇದನ್ನೊಮ್ಮೆ ನೋಡಿ” ಎಂದಳು. ಕೋಟೆಯೊಳಗಿನ ಕತ್ತಲೆಯ ಹಾದಿಯಲ್ಲಿ ತೆಗೆದ ಛಾಯಾಚಿತ್ರವದು. ಐವರು ಗೆಳತಿಯರು ಸಾಲಾಗಿ ನಿಂತಿದ್ದಾರೆ. ಅವರ ಪಕ್ಕದಲ್ಲಿ, ಗೋಡೆಗೆ ಒರಗಿದಂತೆ, ಆರನೆಯ ಆಕೃತಿಯೊಂದು ಕಾಣುತ್ತದೆ. ಅದಕ್ಕೆ ತಲೆಯುಂಟು, ಹೆಗಲುಂಟು. ಆದರೆ ದೇಹವನ್ನು ದಾಟಿ ಹಿಂದಿನ ಚಿರೆಕಲ್ಲಿನ ಗೋಡೆ ನಿಚ್ಚಳವಾಗಿ ಕಾಣುತ್ತದೆ. ನಾನು ನೋಡುವುದಕ್ಕೆ ಮೊದಲೇ ಆ ಚಿತ್ರ ಮೂರು ನಾಲ್ಕು ವಾಟ್ಸಾಪ್ ಬಳಗಗಳನ್ನು ಸುತ್ತಿ ಬಂದಿತ್ತು. ಅದರ ಫಲವೂ ಅಷ್ಟರಲ್ಲಿಯೇ ಪ್ರಕಟವಾಗಿತ್ತು. “ನಾಳೆಯಿಂದ ಸಂಜೆಯ ಪ್ರಯೋಗ ತರಗತಿಗೆ ನಾನು ಬರುವುದಿಲ್ಲ ಸರ್. ಕತ್ತಲಾದ ಮೇಲೆ ತಿರುಗಾಡುವುದು ಬೇಡವೆಂದು ಆಯಿ ಹೇಳಿದ್ದಾಳೆ” ಎಂದಳು.

ಈ ಮಾತು ಕೇಳಿ ನನಗೆ ನಗುವೂ ಬಂದಿತು, ಚಿಂತೆಯೂ ಆಯಿತು. ನಗುವಿಗೆ ಕಾರಣ, ಆ ದೆವ್ವದ ಜಾತಕ ಭೌತವಿಜ್ಞಾನಕ್ಕೆ ಚೆನ್ನಾಗಿ ಗೊತ್ತು. ಬೆಳಕು ಕಡಿಮೆಯಿರುವ ಕಡೆ ಈಗಿನ ಮೊಬೈಲುಗಳು ಒಂದೇ ಕ್ಷಣದಲ್ಲಿ ಚಿತ್ರ ತೆಗೆದು ಮುಗಿಸುವುದಿಲ್ಲ. ಎರಡು ಮೂರು ಸೆಕೆಂಡುಗಳ ಕಾಲ ಬರುವ ಬೆಳಕನ್ನು ಸಂಗ್ರಹಿಸಿ ಒಂದೇ ಚಿತ್ರವಾಗಿ ಕೂಡಿಸುತ್ತವೆ. ಮೂರು ಸೆಕೆಂಡುಗಳಲ್ಲಿ ಒಂದು ಸೆಕೆಂಡು ಮಾತ್ರ ಒಬ್ಬಳು ಅಲ್ಲಿ ನಿಂತು ಅನಂತರ ಸರಿದುಹೋದಳೆಂದು ಭಾವಿಸಿ. ಆ ಜಾಗದಿಂದ ಬೆಳಕು ಬಂದ ಹೊತ್ತಿನಲ್ಲಿ ಮೂರನೆಯ ಒಂದು ಪಾಲು ಅವಳದು, ಉಳಿದ ಎರಡು ಪಾಲು ಗೋಡೆಯದು. ಎರಡೂ ಬೆರೆತು ಪಾರದರ್ಶಕವಾದ ದೇಹವೊಂದು ಹುಟ್ಟಿತು. ಇಷ್ಟೇ ದೆವ್ವದ ಕಥೆ. ಚಿಂತೆಗೆ ಕಾರಣ ಬೇರೆ. ದೆವ್ವ ಸುಳ್ಳಾದರೂ ಆ ಹುಡುಗಿ ಕಳೆದುಕೊಳ್ಳಲಿದ್ದ ಪ್ರಯೋಗ ತರಗತಿ ಸುಳ್ಳಾಗಿರಲಿಲ್ಲ.

ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ಚರ್ಚೆಗೆ ಬಂದಿತು. ಹಿರಿಯರೊಬ್ಬರು, “ಇದಕ್ಕೆಲ್ಲ ದೆವ್ವದ ಸಿನಿಮಾಗಳೂ ಮೊಬೈಲಿನ ಆಟಗಳೂ ಮೂಲ. ಮಕ್ಕಳ ಕೈಗೆ ಅವು ಸಿಗದಂತೆ ಮಾಡಬೇಕು” ಎಂದರು. ಇನ್ನೊಬ್ಬರು, “ಹುಡುಗರ ವಿನೋದವನ್ನು ಇಷ್ಟು ದೊಡ್ಡದು ಮಾಡುವುದೇಕೆ? ನಾಲ್ಕು ದಿನ ಬಿಟ್ಟರೆ ತಾನೇ ಮರೆತುಹೋಗುತ್ತದೆ” ಎಂದರು. ಈ ಎರಡು ಅಭಿಪ್ರಾಯಗಳೂ ನನಗೆ ಒಪ್ಪಿಗೆಯಾಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು ತರುಣ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಹೊನ್ನಾವರದ ಕಡೆಯವನು. ಬಡಗುತಿಟ್ಟಿನ ಯಕ್ಷಗಾನ ಬೆಳೆದುಬಂದ ಸೀಮೆಗಳಲ್ಲಿ ನಮ್ಮದೂ ಒಂದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದುದು ಇಲ್ಲಿಯೇ. ಭಸ್ಮಾಸುರ, ಕೀಚಕ ಮೊದಲಾದ ಪಾತ್ರಗಳಿಂದ ಹೆಸರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ತಾಲ್ಲೂಕಿನವರೇ. ನಾನು ಆರೇಳು ವರ್ಷದವನಿದ್ದಾಗ ಒಂದು ಸಲ ಅಜ್ಜಿಯ ಸಂಗಡ ಕೊಯ್ಲಾದ ಗದ್ದೆಯಲ್ಲಿ ಆಟ ನೋಡಲು ಹೋಗಿದ್ದೆ. ನಡುರಾತ್ರಿ ಕಳೆದಿತ್ತು. ರಂಗಸ್ಥಳದಲ್ಲಿ ಇಬ್ಬರು ತೆರೆ ಹಿಡಿದು ನಿಂತರು. ಚಂಡೆಯ ಪೆಟ್ಟು ಬಿರುಸಾಯಿತು. ತೆರೆಯ ಹಿಂದಿನಿಂದ ಆರ್ಭಟೆ ಕೇಳಿಸಿತು. ಮೊದಲು ಕಿರೀಟದ ತುದಿ ಕಂಡಿತು. ಆಮೇಲೆ ತೆರೆಯ ಅಂಚನ್ನು ಹಿಡಿದ ಬೆರಳುಗಳು. ಯಾರೋ ದೊಂದಿಯ ಮೇಲೆ ರಾಳದ ಪುಡಿ ಎರಚಿದರು. ಭುಗ್ಗೆಂದು ಎದ್ದ ಜ್ವಾಲೆಯಲ್ಲಿ ರಾಕ್ಷಸನ ಮುಖ ಒಂದು ಕ್ಷಣ ಬೆಳಗಿ ಮರೆಯಾಯಿತು. ನಾನು ಅಜ್ಜಿಯ ಸೆರಗಿನಲ್ಲಿ ತಲೆ ಹುದುಗಿಸಿದೆ.

ಅಜ್ಜಿ ನನ್ನನ್ನು ಬೈಯಲಿಲ್ಲ. ಆ ವೇಷ ರಂಗಸ್ಥಳದಿಂದ ಹೋದ ಮೇಲೆ ಕೈಹಿಡಿದು ಚೌಕಿಗೆ ಕರೆದೊಯ್ದಳು. ಅಲ್ಲಿ ಕಿರೀಟವನ್ನು ಪಕ್ಕದಲ್ಲಿಟ್ಟು ಒಬ್ಬರು ಕುಳಿತಿದ್ದರು. ಅವರ ಮುಖದ ಅರ್ಧಭಾಗದಲ್ಲಿ ಬಣ್ಣ ಒರಸಿಹೋಗಿತ್ತು, ಉಳಿದರ್ಧ ಇನ್ನೂ ರಾಕ್ಷಸನದೇ ಆಗಿತ್ತು. ಕವಳ ಹಾಕುತ್ತಿದ್ದ ಆ ಅರ್ಧ ರಾಕ್ಷಸರು ನನ್ನನ್ನು ನೋಡಿ, “ಎಂತ ತಮಾ, ಹೆದ್ರಿಕೆ ಆತಾ?” ಎಂದು ಕೇಳಿದರು. ರಾಳದ ಪುಡಿಯ ಡಬ್ಬಿಯನ್ನೂ ತೋರಿಸಿದರು. ರಾಳದ ಗಟ್ಟಿ ತುಂಡು ನಿಧಾನವಾಗಿ ಉರಿಯುತ್ತದೆ. ಅದನ್ನೇ ಪುಡಿ ಮಾಡಿ ಎರಚಿದರೆ ಪ್ರತಿಯೊಂದು ಕಣಕ್ಕೂ ಸುತ್ತಲಿನ ಗಾಳಿಯ ಸಂಪರ್ಕ ದೊರೆತು ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಈ ವಿವರಣೆ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ, ರಸಾಯನಶಾಸ್ತ್ರದ ತರಗತಿಯಲ್ಲಿ. ಆದರೆ ರಾಕ್ಷಸನನ್ನು ಮಾಡುತ್ತಾರೆ, ಬಿಚ್ಚಿಡುತ್ತಾರೆ ಎಂಬ ಪಾಠ ಅಂದೇ ಆಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುಟ್ಟು ತಿಳಿದ ಮೇಲೆ ಭಯ ಹೋಗಬೇಕಾಗಿತ್ತಷ್ಟೆ? ಹೋಗಲಿಲ್ಲ. ಮರುವರ್ಷ ಅದೇ ಗದ್ದೆಯಲ್ಲಿ ರಾಕ್ಷಸ ಬಂದಾಗ ನಾನು ಮತ್ತೆ ನಡುಗಿದೆ. ನಡುಗುವುದಕ್ಕೆಂದೇ ನಿದ್ದೆಗೆಟ್ಟು ಕಾದಿದ್ದೆ. ಆದರೆ ಈ ಸಲ ಸೆರಗು ಬೇಕಾಗಲಿಲ್ಲ.

ಇದು ಹೇಗೆ ಸಾಧ್ಯ? ಭಯವಾದಾಗ ದೇಹದಲ್ಲಿ ಏನು ನಡೆಯುತ್ತದೆಂಬುದನ್ನು ಶರೀರವಿಜ್ಞಾನ ಚೆನ್ನಾಗಿ ಗುರುತಿಸಿದೆ. ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವುಂಟು. ಅಪಾಯದ ಸುಳಿವು ಸಿಕ್ಕೊಡನೆ ಅದು ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ, ಬೆವರು ಬರುತ್ತದೆ, ರೋಮ ನಿಮಿರುತ್ತದೆ. ಹೋರಾಡು ಇಲ್ಲವೆ ಓಡು ಎಂಬ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಆಶ್ಚರ್ಯವೆಂದರೆ ನಮ್ಮ ಭರತಮುನಿಯ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಬೆವರು, ರೋಮಾಂಚ, ನಡುಕ, ಮೈಬಣ್ಣ ಕೆಡುವುದು, ದನಿ ಒಡೆಯುವುದು, ಇವೆಲ್ಲ ಇವೆ. ಲಕ್ಷಣಗಳನ್ನು ಕಣ್ಣಾರೆ ಕಂಡು ಪಟ್ಟಿ ಮಾಡುವುದರಲ್ಲಿ ಪ್ರಾಚೀನರು ಹಿಂದೆ ಬಿದ್ದಿರಲಿಲ್ಲ.

ಅದೇ ಭರತಮುನಿ ಭಯಾನಕವನ್ನು ಒಂದು ರಸವೆಂದು ಕರೆದು ಶೃಂಗಾರ, ವೀರಗಳ ಸಾಲಿನಲ್ಲಿ ಕೂರಿಸಿದನು. ಭಯವೂ ಸವಿಯುವ ವಸ್ತುವೆ? ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ಇದಕ್ಕೆ ಕಾಳಿದಾಸನ ಶಾಕುಂತಲದಿಂದ ಉದಾಹರಣೆ ಕೊಟ್ಟಿದ್ದಾನೆ: ದುಷ್ಯಂತನ ಬಾಣಕ್ಕೆ ಹೆದರಿ ಓಡುವ ಜಿಂಕೆ. ಪ್ರೇಕ್ಷಕನು ಆ ಭಯವನ್ನು ಅನುಭವಿಸುತ್ತಾನೆ. ಆದರೆ ‘ನಾನು ಹೆದರಿದ್ದೇನೆ, ಇವನು ನನ್ನ ಶತ್ರು’ ಎಂಬ ಭಾವನೆ ಅಲ್ಲಿಲ್ಲ. ಯಾರದೂ ಅಲ್ಲದ, ಯಾವ ಊರಿಗೂ ಯಾವ ಕಾಲಕ್ಕೂ ಸೇರದ ಭಯವದು. ಆದುದರಿಂದಲೇ ಅದು ರಸ. ದೇಹ ನಡುಗುತ್ತಿದೆ, ಬುದ್ಧಿಗೆ ಮಾತ್ರ ಇದು ಆಟವೆಂದು ಗೊತ್ತು. ಹಾಗೆ ತಿಳಿಸಿಕೊಡುವುದು ಯಾವುದು? ರಂಗಸ್ಥಳದ ಎಲ್ಲೆ, ಭಾಗವತರ ಪದ, ಎಲ್ಲಕ್ಕಿಂತ ಮಿಗಿಲಾಗಿ ಇಬ್ಬರು ಹಿಡಿದು ನಿಂತ ಆ ತೆರೆ. ಭಯವನ್ನು ಹೆಚ್ಚಿಸುವುದೂ ಅದೇ, ‘ಇದು ವೇಷ’ ಎಂದು ಸಾರುವುದೂ ಅದೇ. ನನ್ನ ವಾದವೆಲ್ಲ ಈ ತೆರೆಯ ಮೇಲೆ ನಿಂತಿದೆ.

ಸಾಹಿತ್ಯವನ್ನು ತೆಗೆದುಕೊಳ್ಳಿ. ಪುಸ್ತಕದ ರಟ್ಟೇ ಅಲ್ಲಿಯ ತೆರೆ. 1815ರಲ್ಲಿ ಇಂಡೊನೇಷಿಯದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳೂ ಆಮ್ಲಕಣಗಳೂ ವಾಯುಮಂಡಲವನ್ನು ಆವರಿಸಿದುದರಿಂದ ಮರುವರ್ಷ ಯೂರೋಪಿನಲ್ಲಿ ಬೇಸಗೆಯೇ ಸರಿಯಾಗಿ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೆ ಕುಳಿತಿದ್ದ ಗೆಳೆಯರು ತಲೆಗೊಂದು ದೆವ್ವದ ಕಥೆ ಬರೆಯೋಣವೆಂದುಕೊಂಡರು. ಅವರಲ್ಲಿ ಹದಿನೆಂಟು ವರ್ಷದ ಮೇರಿ ಬರೆಯತೊಡಗಿದ ಕಥೆಯೇ 1818ರಲ್ಲಿ ಪ್ರಕಟವಾದ ‘ಫ್ರಾಂಕೆನ್‌ಸ್ಟೈನ್’. ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶಕ್ಕೆ ಜಿಗಿಯುವುದನ್ನು ಇಟಲಿಯ ಗಾಲ್ವಾನಿ ತೋರಿಸಿಕೊಟ್ಟಿದ್ದ ಕಾಲವದು. ಆ ಕಥೆಯಲ್ಲಿ ದೆವ್ವವಿಲ್ಲ, ಶಾಪವಿಲ್ಲ. ತಾನು ಸೃಷ್ಟಿಸಿದುದರ ಹೊಣೆ ಹೊರದೆ ಓಡಿಹೋದ ಒಬ್ಬ ವಿಜ್ಞಾನ ವಿದ್ಯಾರ್ಥಿಯಿದ್ದಾನೆ. ಅಣುಬಾಂಬನ್ನು ಕಂಡ ಶತಮಾನಕ್ಕೆ ಆ ಭಯ ಎಷ್ಟು ಉಪಯುಕ್ತವಾಯಿತೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ಪಕ್ಕದ ಊರಿಗೇ ಬನ್ನಿ. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರು. 1979ರಲ್ಲಿ ಪ್ರಕಟವಾದ ಅವರ ‘ಶಿಕಾರಿ’ ಕಾದಂಬರಿಯಲ್ಲಿಯೂ ದೆವ್ವವಿಲ್ಲ. ಮುಂಬಯಿಯ ದೊಡ್ಡ ಕಂಪೆನಿಯೊಂದರಲ್ಲಿ ದುಡಿಯುವ ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಯಾರು, ಏಕೆ ಎಂಬುದು ತಿಳಿಯದೆ ಅವನೊಳಗೆ ಬೆಳೆಯುವ ಭಯ ಯಾವ ಭೂತದ ಕಥೆಗೂ ಕಡಿಮೆಯದಲ್ಲ. ಅದೇ 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಎಂಬ ಕನ್ನಡ ಚಲಚ್ಚಿತ್ರ ದೆವ್ವವನ್ನೇ ತೆರೆಯ ಮೇಲೆ ತಂದು ಒಂದು ತಲೆಮಾರನ್ನು ಬೆಚ್ಚಿಬೀಳಿಸಿತು. ದಾರಿ ಬೇರೆ ಬೇರೆಯಾದರೂ ಪುಸ್ತಕ ಮುಚ್ಚಿದವನಿಗೆ, ಚಿತ್ರಮಂದಿರದಿಂದ ಹೊರಬಂದವನಿಗೆ ತಾನೆಲ್ಲಿದ್ದೇನೆಂಬುದು ಗೊತ್ತು.

ರಂಗಭೂಮಿ, ಚಲಚ್ಚಿತ್ರಗಳ ಭಯವೆಲ್ಲ ನಮ್ಮ ಪಠ್ಯಪುಸ್ತಕದ ಭೌತವಿಜ್ಞಾನದಿಂದ ಮಾಡಿದುದೇ. 1862ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಂಗದ ಮೇಲೆ ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನ ಉಪನ್ಯಾಸಕರು ಪಾರದರ್ಶಕ ಪಿಶಾಚಿಯೊಂದನ್ನು ನಡೆದಾಡಿಸಿದರು. ಅವರ ಬಳಿಯಿದ್ದುದು ದೊಡ್ಡದೊಂದು ಗಾಜಿನ ಹಲಗೆ, ಪ್ರೇಕ್ಷಕರಿಗೆ ಕಾಣದ ಗುಂಡಿಯಲ್ಲಿ ಪ್ರಖರವಾದ ದೀಪ ಮತ್ತು ಅದರ ಬೆಳಕಿನಲ್ಲಿ ನಿಂತ ಒಬ್ಬ ನಟ. 45 ಡಿಗ್ರಿ ಓರೆಯಾದ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಹತ್ತನೆಯ ಒಂದು ಪಾಲನ್ನು ಪ್ರತಿಫಲಿಸುತ್ತದೆ, ಉಳಿದುದನ್ನು ದಾಟಲು ಬಿಡುತ್ತದೆ. ರಾತ್ರಿ ಕುಮಟಾದಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಗಾಜಿನಲ್ಲಿ, ಹೊರಗಿನ ಕತ್ತಲೆಯ ತೆಂಗಿನ ಮರಗಳ ಮೇಲೆ ತೇಲುವ ನಿಮ್ಮ ಮುಖವನ್ನು ನೀವು ಕಂಡಿರಬಹುದು. ಪೆಪ್ಪರರ ಪಿಶಾಚಿ ಅದೇ. 1960ರ ‘ಸೈಕೋ’ ಚಿತ್ರದಲ್ಲಿ ರಕ್ತವಾಗಿ ಹರಿದುದು ಚಾಕೊಲೇಟಿನ ಪಾಕ. ಕಪ್ಪು ಬಿಳುಪಿನ ಚಿತ್ರದಲ್ಲಿ ಅಷ್ಟೇ ಸಾಕಾಯಿತು. ಭಯದ ಬಹುಪಾಲು ಬಂದುದು ತಂತಿವಾದ್ಯಗಳ ಕಿರಿಚಾಟದಿಂದ. ಮನುಷ್ಯನ ಚೀತ್ಕಾರದ ತೀವ್ರತೆ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆಂದೂ, ಈ ಒರಟುತನವೇ ಅಮಿಗ್ಡಲವನ್ನು ಕೆರಳಿಸುತ್ತದೆಂದೂ 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಯಾವುದಾದರೂ ಭಯಾನಕ ದೃಶ್ಯವನ್ನು ಧ್ವನಿ ನಿಲ್ಲಿಸಿ ನೋಡಿ. ಅರ್ಧ ದೆವ್ವ ಅಲ್ಲಿಯೇ ಸತ್ತಿರುತ್ತದೆ.

ಗಣಕಯಂತ್ರದ ಆಟಗಳ ಮಾತೂ ಇದೇ. 1999ರಲ್ಲಿ ಬಂದ ‘ಸೈಲೆಂಟ್ ಹಿಲ್’ ಎಂಬ ಜಪಾನಿನ ಆಟದಲ್ಲಿ ಊರಿಗೆ ಊರೇ ದಟ್ಟವಾದ ಮಂಜಿನಲ್ಲಿ ಮುಳುಗಿರುತ್ತದೆ. ಹತ್ತು ಹೆಜ್ಜೆಯಾಚೆ ಏನಿದೆಯೋ ತಿಳಿಯದು. ಅಂದಿನ ಯಂತ್ರಕ್ಕೆ ದೂರದ ಬೀದಿಗಳನ್ನೆಲ್ಲ ಒಮ್ಮೆಗೇ ಚಿತ್ರಿಸುವ ಸಾಮರ್ಥ್ಯವಿರಲಿಲ್ಲ. ಆ ಕೊರತೆಯನ್ನು ಮುಚ್ಚಲು ಮಂಜು ನೆರವಾಯಿತು, ಮಂಜಿನಿಂದಲೇ ಆಟ ಭಯಂಕರವಾಯಿತು. ಕಾಣದಿರುವುದೇ ಹೆಚ್ಚು ಹೆದರಿಸುತ್ತದೆಂಬ ಈ ತತ್ತ್ವವನ್ನು ನಮ್ಮ ರಂಗಸ್ಥಳದಲ್ಲಿ ತೆರೆ ಹಿಡಿಯುವವರು ಎಂದೋ ಕಂಡುಕೊಂಡಿದ್ದರು.

ಹೀಗಿರುವಾಗ ಭಯಾನಕ ಕಲೆಯನ್ನು ನಿಷೇಧಿಸಬೇಕೆನ್ನುವವರ ಪಕ್ಷಕ್ಕೆ ನಾನು ಸೇರಲಾರೆ. ಚಿಕ್ಕ ಮಕ್ಕಳ ನಿದ್ದೆ ಕೆಡಿಸುವ ಚಿತ್ರಗಳನ್ನು ಅವರಿಂದ ದೂರವಿಡುವುದು ಸರಿಯೇ. ನಮ್ಮ ದೇಶದಲ್ಲಿ 2024ರಿಂದ 7, 13, 16 ವರ್ಷಗಳೆಂಬ ವಯೋಮಿತಿಯನ್ನು ಚಲಚ್ಚಿತ್ರಗಳಿಗೆ ಸೂಚಿಸುತ್ತಿರುವುದೂ ಅದಕ್ಕಾಗಿಯೇ. ಆದರೆ ಅಪಾಯ ರಾಕ್ಷಸನಲ್ಲಿಲ್ಲ. ತೆರೆಯನ್ನು ಕತ್ತರಿಸಿ, ರಾಕ್ಷಸನನ್ನು ಮಾತ್ರ ಊರೊಳಗೆ ಬಿಡುವಲ್ಲಿ ಅದು ಇದೆ.

ಈ ಕತ್ತರಿ ಹೊಸದಲ್ಲ. 1860ರ ದಶಕದಲ್ಲಿ ಅಮೆರಿಕದ ವಿಲಿಯಂ ಮಮ್ಲರ್ ಎಂಬ ಛಾಯಾಗ್ರಾಹಕನು, ಕುಳಿತವರ ಹಿಂದೆ ಅವರ ಸತ್ತ ಬಂಧುಗಳ ಛಾಯೆ ಮೂಡಿದ ಚಿತ್ರಗಳನ್ನು ಹಣಕ್ಕೆ ಮಾರಿದನು. ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ತುಂಬಿದ್ದ ದೇಶವದು. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಮೊಕದ್ದಮೆ ನಡೆಯಿತು. ಅವನು ಹೇಗೆ ಮಾಡುತ್ತಾನೆಂಬುದನ್ನು ಸಾಧಿಸಿ ತೋರಿಸಲಾಗದೆ ಬಿಡುಗಡೆ ಹೊಂದಿದನು. ಪೆಪ್ಪರರ ಪಿಶಾಚಿಗೂ ಮಮ್ಲರನ ಪಿಶಾಚಿಗೂ ಬೆಳಕಿನ ವಿದ್ಯೆಯಲ್ಲಿ ಬಹಳ ದೂರವಿಲ್ಲ. ಒಬ್ಬರು ರಂಗದ ಮೇಲೆ ತೋರಿಸಿದರು, ಇನ್ನೊಬ್ಬನು ನಿಜವೆಂದು ಮಾರಿದನು.

ಇತ್ತೀಚಿನ ಉದಾಹರಣೆ ಬೇಕೆ? 2016ರಲ್ಲಿ ಜಪಾನಿನ ಶಿಲ್ಪಿಯೊಬ್ಬರು, ಪಕ್ಷಿಯ ದೇಹಕ್ಕೆ ಕಣ್ಣು ಅರಳಿಸಿದ ಹೆಣ್ಣಿನ ಮುಖವಿರುವ ಪ್ರತಿಮೆಯೊಂದನ್ನು ಕಲಾಪ್ರದರ್ಶನಕ್ಕಾಗಿ ಮಾಡಿದರು. 2018ರಲ್ಲಿ ಯಾರೋ ಅದರ ಮುಖದ ಚಿತ್ರವನ್ನಷ್ಟೇ ಕತ್ತರಿಸಿ, ಅದು ಮಕ್ಕಳನ್ನು ಆತ್ಮಹತ್ಯೆಗೆ ದೂಡುವ ‘ಮೋಮೋ’ ಎಂಬ ಆಟವೆಂದು ಹಬ್ಬಿಸಿದರು. ಅಂತಹ ಆಟವಿದ್ದುದಕ್ಕೆ ಪುರಾವೆ ದೊರೆಯಲಿಲ್ಲ. ಆದರೂ ದೇಶದೇಶಗಳ ತಾಯಿತಂದೆಗಳು ನಡುಗಿದರು. ಅದೇ ವರ್ಷ ನಮ್ಮ ದೇಶದಲ್ಲಿ ಇನ್ನೊಂದು ತುಣುಕು ಹರಿದಾಡಿತು. ಕರಾಚಿಯ ಸಂಸ್ಥೆಯೊಂದು ಮಕ್ಕಳ ರಕ್ಷಣೆಗಾಗಿ ಮಾಡಿದ ಕಿರುಚಿತ್ರವದು. ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಿಂದ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಮಗುವನ್ನು ತಂದು ಬಿಟ್ಟು, ಮಗುವನ್ನು ಕದಿಯಲು ಒಂದು ಕ್ಷಣ ಸಾಕು, ಎಚ್ಚರವಿರಲಿ ಎಂಬ ಫಲಕವನ್ನು ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ತೆಗೆದರು. ಉಳಿದುದು ಮಕ್ಕಳ ಕಳ್ಳರ ‘ಸಾಕ್ಷ್ಯ’ವಾಯಿತು. ಇಂತಹ ವದಂತಿಗಳ ಆ ದಿನಗಳಲ್ಲಿ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ, ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯಲ್ಲಿ ನಿರಪರಾಧಿಗಳು ಗುಂಪಿನ ಕೈಯಲ್ಲಿ ಸತ್ತರು. ಆ ಮೇಲೆ ವಾಟ್ಸಾಪ್ ಸಂಸ್ಥೆ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಲಾಗದಂತೆ ಮಿತಿ ಹಾಕಿತು.

ಬೀದರ ದೂರವೆನ್ನುವವರು 2017ರ ಡಿಸೆಂಬರನ್ನು ನೆನೆದುಕೊಳ್ಳಲಿ. ಹೊನ್ನಾವರದಲ್ಲಿ ತರುಣನೊಬ್ಬನು ಸತ್ತನು. ಅವನ ಮನೆಯವರ ದುಃಖಕ್ಕೆ ನಾವೆಲ್ಲರೂ ತಲೆಬಾಗಬೇಕಾಗಿತ್ತು. ಆದರೆ ವೈದ್ಯರ ವರದಿ ಬರುವ ಮೊದಲೇ ಸಾವಿನ ಬಗೆಗೆ ಭೀಕರವಾದ ವರ್ಣನೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಗಲಭೆಯಾಯಿತು, ವಾಹನಗಳು ಉರಿದವು. ಆ ವರ್ಣನೆಗಳನ್ನು ವೈದ್ಯರ ಪರೀಕ್ಷೆ ಸಮರ್ಥಿಸಲಿಲ್ಲ. ಅದು ಆಕಸ್ಮಿಕ ಸಾವೆಂದು 2022ರಲ್ಲಿ ಕೇಂದ್ರ ತನಿಖಾ ದಳ ನ್ಯಾಯಾಲಯಕ್ಕೆ ವರದಿ ಒಪ್ಪಿಸಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ನನ್ನ ತರಗತಿಯಲ್ಲಿ ಭಟ್ಕಳದಿಂದ ಬರುವವರೂ ಕುಮಟಾದಿಂದ ಬರುವವರೂ ಇದ್ದಾರೆ, ಎಲ್ಲ ಮತಗಳವರೂ ಇದ್ದಾರೆ. ಆ ಡಿಸೆಂಬರಿನ ಅನಂತರ ಕೆಲವು ವಾರ ಅವರು ಬೆಂಚುಗಳ ಮೇಲೆ ಕುಳಿತ ಕ್ರಮವೇ ಬದಲಾಗಿತ್ತು. ಭಯಾನಕ ರಸದಲ್ಲಿ ‘ಇವನು ನನ್ನ ಶತ್ರು’ ಎಂಬ ಭಾವನೆಯಿಲ್ಲವೆಂದು ಅಭಿನವಗುಪ್ತನು ಹೇಳಿದನಷ್ಟೆ? ತೆರೆ ಕತ್ತರಿಸಿದ ಭಯ ಮೊದಲು ಹುಟ್ಟಿಸುವುದು ಆ ಭಾವನೆಯನ್ನೇ.

ಇದರಲ್ಲಿ ಕಲಾವಿದರ ತಪ್ಪೂ ಇಲ್ಲದಿಲ್ಲ. ಕಟ್ಟುಕಥೆಯ ಮೇಲೆ ‘ನಿಜವಾಗಿ ನಡೆದ ಘಟನೆ’ ಎಂದು ಬರೆದು ಪ್ರೇಕ್ಷಕರನ್ನು ಸೆಳೆಯುವ ಚಿತ್ರನಿರ್ಮಾಪಕರು ತಮ್ಮ ತೆರೆಯನ್ನು ತಾವೇ ಹರಿಯುತ್ತಾರೆ. ಇಂದಂತೂ ಸುಳ್ಳು ಚಿತ್ರಕ್ಕೆ ಕ್ಯಾಮೆರಾ ಕೂಡ ಬೇಕಾಗಿಲ್ಲ; ಕೃತಕ ಬುದ್ಧಿಮತ್ತೆಗೆ ಎರಡು ಸಾಲು ಬರೆದು ಕೊಟ್ಟರೆ ಬೇಕಾದ ಭೀಕರ ದೃಶ್ಯ ಸಿದ್ಧವಾಗುತ್ತದೆ. ‘ಕಣ್ಣಾರೆ ಕಂಡೆ’ ಎಂಬ ಮಾತು ಸಾಕ್ಷ್ಯವಾಗುವ ಕಾಲ ಮುಗಿಯಿತು.

ಹಾಗಾದರೆ ಮಾಡಬೇಕಾದುದೇನು? ಉಪದೇಶದಿಂದ ಹೆಚ್ಚು ಪ್ರಯೋಜನವಿಲ್ಲವೆಂಬುದು ನನ್ನ ಅನುಭವ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದ್ದರು. ಪ್ರಶ್ನಿಸುವುದಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಪರಂಪರೆಯಿದೆ. ಅದರ ಜೊತೆಗೆ ನಾನು ಒಂದು ಸಣ್ಣ ಸಲಹೆಯನ್ನು ಸೇರಿಸಬಯಸುತ್ತೇನೆ: ಪ್ರತಿಯೊಂದು ಪ್ರೌಢಶಾಲೆಯ ವಿಜ್ಞಾನ ಸಂಘವೂ ವರ್ಷಕ್ಕೊಮ್ಮೆ ಒಂದು ದೆವ್ವವನ್ನು ಮಾಡಬೇಕು. ಖರ್ಚು ಹೆಚ್ಚಿಲ್ಲ. ಕಿಟಕಿಯ ಒಂದು ಗಾಜು, ಒಂದು ಮೇಣದಬತ್ತಿ, ಒಂದು ಕಪ್ಪು ಬಟ್ಟೆ ಇದ್ದರೆ ಪೆಪ್ಪರರ ಪಿಶಾಚಿ ಸಿದ್ಧ. ನೀರು ತುಂಬಿದ ಲೋಟದೊಳಗೆ ಉರಿಯುವ ಬತ್ತಿಯನ್ನು ತೋರಿಸಬಹುದು. ಪುಸ್ತಕಗಳ ರಾಶಿಗೆ ಒರಗಿಸಿಟ್ಟ ಮೊಬೈಲು ಇದ್ದರೆ ಪಾರದರ್ಶಕ ಮನುಷ್ಯ ಸಿದ್ಧ. ಒಂದು ವೀಡಿಯೊವನ್ನು ಅರ್ಧಕ್ಕೆ ಕತ್ತರಿಸಿ, ಎರಡು ತರಗತಿಗಳಿಗೆ ಬೇರೆ ಬೇರೆ ಅರ್ಧವನ್ನು ತೋರಿಸಿ, ಅವರು ಏನು ಕಂಡೆವೆಂದು ಬರೆಯಿಸಬಹುದು. ಚಿತ್ರವೊಂದು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಆಗ ತಾವಾಗಿ ಹುಟ್ಟುತ್ತವೆ: ಇದರ ಅಂಚಿನಾಚೆ ಏನಿತ್ತು? ಇದಕ್ಕೆ ಮೊದಲು ಏನಾಯಿತು, ಆಮೇಲೆ ಏನಾಯಿತು? ತೆಗೆದವರು ಯಾರು? ಕೈಯಾರೆ ದೆವ್ವ ಮಾಡಿದವನು ಇನ್ನೊಬ್ಬರು ಕಳುಹಿಸಿದ ದೆವ್ವವನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸುವುದಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಮಾಡಿಯೇ ನೋಡಿದೆವು. ಕಿಟಕಿಗಳನ್ನು ಮುಚ್ಚಿ, ಮೊಬೈಲನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರೇ ಒಂದು ಸೆಕೆಂಡು ನಿಂತು ಸರಿದೆವು. ಹತ್ತು ನಿಮಿಷಗಳಲ್ಲಿ ಕಾಲೇಜಿಗೆ ಏಳು ದೆವ್ವಗಳ ಸೇರ್ಪಡೆಯಾಯಿತು. ಅವುಗಳಲ್ಲಿ ಕನ್ನಡಕ ಹಾಕಿದ ದೆವ್ವ ನಾನೇ. ಎಲ್ಲಕ್ಕಿಂತ ಸೊಗಸಾದ ದೆವ್ವವನ್ನು ತೆಗೆದವಳು ಮಿರ್ಜಾನದ ಚಿತ್ರ ತಂದಿದ್ದ ಆ ಹುಡುಗಿ. ಕೋಟೆಯಲ್ಲಿ ಚಿತ್ರ ತೆಗೆಯುವಾಗ ಸಾಲಿನಿಂದ ಸರಿದುಹೋದ ಗೆಳತಿ ಯಾರೆಂಬುದೂ ಆಗ ಹೊರಬಿದ್ದಿತು. ಅವಳು ಆ ಏಳು ದೆವ್ವಗಳನ್ನೂ ಮನೆಗೆ ಒಯ್ದಳು.

ಮರುವಾರ ಅವಳು ಪ್ರಯೋಗ ತರಗತಿಗೆ ಬಂದಳು. “ಆಯಿ ಏನೆಂದಳು?” ಎಂದು ಕೇಳಿದೆ. “ಚಿತ್ರ ನೋಡಿ ನಕ್ಕಳು ಸರ್. ದೆವ್ವ ಇಲ್ಲದಿದ್ದರೆ ಇಲ್ಲ, ಆದರೆ ಹೆದ್ದಾರಿಯಿಂದ ನಮ್ಮ ಮನೆಯವರೆಗೆ ದೀಪವೂ ಇಲ್ಲವಲ್ಲ ಎಂದಳು” ಎಂದು ಉತ್ತರ ಬಂದಿತು.

ಆ ತಾಯಿಯ ಮಾತು ಸರಿಯಾಗಿತ್ತು. ಸುಳ್ಳು ಭಯ ಸರಿದಾಗ ಅದರ ಹಿಂದೆ ಇಷ್ಟು ದಿನ ಅಡಗಿದ್ದ ನಿಜವಾದ ಭಯ ಕಂಡಿತು. ಅದಕ್ಕೆ ಗಾಜಿನಲ್ಲಿಯೂ ಮಸೂರದಲ್ಲಿಯೂ ಉತ್ತರವಿರಲಿಲ್ಲ. ಸಂಜೆಯ ಪ್ರಯೋಗ ತರಗತಿಯನ್ನು ನಾವು ಒಂದು ಗಂಟೆ ಮುಂಚಿತವಾಗಿ ಮುಗಿಸತೊಡಗಿದೆವು. ದಾರಿದೀಪಕ್ಕಾಗಿ ಪಂಚಾಯತಿಗೆ ಕೊಡಬೇಕಾದ ಅರ್ಜಿಯನ್ನು ವಿದ್ಯಾರ್ಥಿಗಳೇ ಬರೆದರು.